ಜೋಳದೊಳಗೆ ಕಾಲಿಡದ ಆರು ತಿಂಗಳು

ನನ್ನ ಜೋಳದ ತೆನೆಯಲ್ಲಿ ಹದಿನೇಳು ಕಾಳು. ಮೊದಲು ನೂರಾರು ಇದ್ದವು. ಅಷ್ಟನ್ನು ಹದಿನೇಳಕ್ಕೆ ಇಳಿಸಲು ಮೂರು ವಾರ ಹಿಡಿಯಿತು. ಹದಿನೆಂಟಾದರೆ ತೆನೆ ಗಿಜಿಗಿಜಿ ಅನ್ನುತ್ತಿತ್ತು, ಹದಿನಾರಾದರೆ ಹಕ್ಕಿ ತಿಂದು ಬಿಟ್ಟಂತೆ ಕಾಣುತ್ತಿತ್ತು. ಕೊನೆಗೊಂದು ದಿನ ದೂರದಿಂದ ನೋಡಿದಾಗಲೂ ತುಂಬಿದ ತೆನೆ ಅನ್ನಿಸಿತು. ಎದ್ದು ಹೋಗಿ ಚಹಾ ಮಾಡಿಕೊಂಡು ಕುಡಿದೆ.

ಮೊಬೈಲಿನಲ್ಲಿ ಆಡುವ ಒಂದು ಗೇಮಿಗಾಗಿ ನಾನು ಹೊಲ ಮಾಡುತ್ತಿದ್ದೆ. ಗೇಮಿನಲ್ಲಿ ಆಡುವವರ ಸುತ್ತ ಕಾಣುವ ನೆಲ, ಬೆಳೆ, ಗಿಡ, ಕಲ್ಲು, ಆಕಾಶ ಇವನ್ನೆಲ್ಲ ಯಾರಾದರೂ ಕೂತು ಒಂದೊಂದಾಗಿ ತಯಾರಿಸಬೇಕು. ಅದು ನನ್ನ ಕೆಲಸ. ಈ ಗೇಮಿನಲ್ಲಿ ಪ್ರಕೃತಿ ಫೋಟೋದ ಹಾಗೆ ಕಾಣಬಾರದು, ಕೈಯಿಂದ ಬಣ್ಣ ಹಚ್ಚಿದ ಚಿತ್ರದ ಹಾಗೆ ಕಾಣಬೇಕು ಎಂದು ಮೊದಲ ದಿನವೇ ಮಾತಾಗಿತ್ತು. ಅಂದರೆ ಇದ್ದದ್ದನ್ನೆಲ್ಲ ತೋರಿಸುವಂತಿಲ್ಲ. ಆರಿಸಬೇಕು, ಬಿಡಬೇಕು, ಉಳಿದದ್ದನ್ನು ಸ್ವಲ್ಪ ದೊಡ್ಡದು ಮಾಡಬೇಕು. ಯಾವುದನ್ನು ಬಿಡಬೇಕು ಅನ್ನುವುದರಲ್ಲೇ ಕಲಾವಿದನ ಬುದ್ಧಿ ಗೊತ್ತಾಗುತ್ತದೆ ಎಂದು ನಾನು ಆಗ ಜಂಬದಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಕೆಲಸ ಕೊಟ್ಟದ್ದು ಕೊಲ್ಹಾಪುರದ ಒಂದು ಸಣ್ಣ ಸ್ಟುಡಿಯೋ. ಅಲ್ಲಿಯ ಕಲಾ ನಿರ್ದೇಶಕರು ನಿಪ್ಪಾಣಿಯವರು. ಮನೆಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ, ಸಿಟ್ಟು ಬಂದಾಗ ಎರಡೂ. ನಾನು ಕೂತು ಕೆಲಸ ಮಾಡುತ್ತಿದ್ದದ್ದು ಅಥಣಿ ತಾಲೂಕಿನ ತೆಲಸಂಗದಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ, ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅವ್ವ ಬೆಳಿಗ್ಗೆ ಕೂಲಿಗೆ ಹೋದರೆ ಬರುವುದು ಹೊತ್ತು ಮುಳುಗುವ ಹೊತ್ತಿಗೆ. ನಮಗೆ ಸ್ವಂತ ಹೊಲವಿಲ್ಲ.

ಗೇಮಿನ ಕತೆ ನನ್ನದೇ. ಕೆಲಸಕ್ಕೆ ಸೇರಿದ ದಿನ ನಿರ್ದೇಶಕರು, "ಸಣ್ಣಾಕಿದ್ದಾಗ ಸಾಲಿ ಸೂಟಿ ದಿವಸ ಏನ ಮಾಡತಿದ್ದಿ, ಹೇಳ" ಎಂದರು. ಅವ್ವ ಕೂಲಿಗೆ ಹೋದ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದೆ ಎಂದೆ. ಅದು ಅವರಿಗೆ ಹಿಡಿಸಿಬಿಟ್ಟಿತು. ಗೇಮಿನ ಮೊದಲ ಹಂತ ಅದೇ ಆಯಿತು: ಒಬ್ಬ ಹುಡುಗಿ ತಲೆಯ ಮೇಲೆ ಬುತ್ತಿ ಹೊತ್ತು, ಜೋಳದ ಹೊಲಗಳನ್ನು ದಾಟಿ, ಬನ್ನಿ ಗಿಡದ ಕೆಳಗೆ ಕಾಯುತ್ತಿರುವ ತಾಯಿಯ ಹತ್ತಿರ ಹೋಗಬೇಕು. ಗಿಡದ ನೆರಳು ಸರಿಯುವುದರೊಳಗೆ ಹೋಗಬೇಕು. ವೈರಿಗಳಿಲ್ಲ, ಬಂದೂಕಿಲ್ಲ. ಹೊಲವನ್ನು ನೋಡುತ್ತ ನಡೆಯುವುದೇ ಆಟ. ಹಾಗಾಗಿ ಹೊಲ ಕೆಟ್ಟರೆ ಆಟವೇ ಕೆಟ್ಟಂತೆ.

ಶ್ರಾವಣದ ಹೊತ್ತಿಗೆ ಶುರು ಮಾಡಿದೆ. ಜೋಳದ ಒಂದೊಂದು ಎಲೆಯನ್ನೂ ಬೇರೆಬೇರೆಯಾಗಿ ರೂಪಿಸಿದರೆ ಮೊಬೈಲ್ ತಡೆಯುವುದಿಲ್ಲ. ಅದಕ್ಕೊಂದು ಉಪಾಯವಿದೆ. ತೆಳ್ಳನೆಯ ಹಾಳೆಯಂಥ ತುಂಡಿನ ಮೇಲೆ ನಾಲ್ಕೈದು ಎಲೆಯ ಚಿತ್ರ ಬರೆದು, ಸುತ್ತಲಿನ ಜಾಗವನ್ನು ಪಾರದರ್ಶಕ ಮಾಡಿ, ಅಂಥ ಮೂರು ಹಾಳೆಗಳನ್ನು ಅಡ್ಡಡ್ಡ ಸೇರಿಸಿ ನಿಲ್ಲಿಸಿದರೆ ಒಂದು ದಂಟು ಆಗುತ್ತದೆ. ಗಾಳಿಗೂ ಒಂದು ಲೆಕ್ಕವಿದೆ. ದಂಟಿನ ಬುಡಕ್ಕೆ ಕಪ್ಪು, ತುದಿಗೆ ಬಿಳಿ ಬಳಿಯಬೇಕು; ಆಡುವವರಿಗೆ ಈ ಬಣ್ಣ ಕಾಣುವುದಿಲ್ಲ. ಕಪ್ಪು ಇದ್ದಲ್ಲಿ ಗಾಳಿ ಮುಟ್ಟುವುದಿಲ್ಲ, ಬಿಳಿ ಇದ್ದಲ್ಲಿ ಪೂರ್ತಿ ಓಲಾಡುತ್ತದೆ. ಮೊದಲ ಸಲ ಬಳಿದಾಗ ನನ್ನ ಜೋಳ ಕುಡಿದವರ ಹಾಗೆ ತೂರಾಡಿತು. ಕಾಳು ತುಂಬಿದ ತೆನೆ ಭಾರಕ್ಕೆ ನಿಧಾನವಾಗಿ ಬಾಗಿ ನಿಧಾನವಾಗಿ ಏಳುತ್ತದೆ ಅನ್ನುವುದನ್ನು ಮರೆತಿದ್ದೆ. ತೆನೆಗೆ ಬೂದು ಬಣ್ಣ ಹಚ್ಚಿ ಓಲಾಟ ತಗ್ಗಿಸಿದೆ.

ಎರೆಮಣ್ಣು ಇನ್ನೊಂದು ತಲೆನೋವು. ಕಪ್ಪು ಮಣ್ಣಿಗೆ ಕಪ್ಪು ಬಣ್ಣ ಹಾಕಿದರೆ ಪರದೆಯ ಮೇಲೆ ಡಾಂಬರಿನ ಹಾಗೆ ಕಾಣುತ್ತಿತ್ತು. ನೆರಳಿಗೆ ನೇರಳೆ, ಬಿಸಿಲಿಗೆ ಕಂದು ಬೆರೆಸಿ, ಬಿರುಕುಗಳನ್ನು ನಿಜಕ್ಕಿಂತ ಅಗಲ ಮಾಡಿದ ಮೇಲೆ ಎರೆ ಹೊಲ ಅನ್ನಿಸಿತು. ಬನ್ನಿ ಗಿಡದ ಎಲೆ ತೀರಾ ಸಣ್ಣದು, ಬಿಡಿಬಿಡಿಯಾಗಿ ಬರೆದರೆ ಧೂಳು ಕೂತಂತಾಗುತ್ತಿತ್ತು. ಇಡೀ ಗಿಡ ಒಂದು ದುಂಡನೆಯ ಗೋಲ ಎಂದು ಬೆಳಕಿಗೆ ನಂಬಿಸಿದೆ. ಆಮೇಲೆ ಬಿಸಿಲು ಅದರ ಮೇಲೆ ಮೆತ್ತಗೆ ಬಿದ್ದಿತು.

ನನಗೆ ಎಲ್ಲಕ್ಕಿಂತ ಹೆಮ್ಮೆಯಿದ್ದದ್ದು ಸಾಲುಗಳ ಬಗ್ಗೆ. ಗಿಡ ನೆಡಲು ಕಂಪ್ಯೂಟರಿನಲ್ಲಿ ಒಂದು ಸಲಕರಣೆ ಇರುತ್ತದೆ. ಅದು ಕೈಗೆ ಬಂದಂತೆ ಚೆಲ್ಲಾಡುತ್ತದೆ. ಕಾಡಿಗಾದರೆ ಸರಿ, ಜೋಳವನ್ನು ಯಾರು ಹಾಗೆ ಬಿತ್ತುತ್ತಾರೆ? ಸ್ಟುಡಿಯೋದಲ್ಲಿ ಪ್ರೋಗ್ರಾಂ ಬರೆಯುವ ರಾಯಬಾಗದ ಹುಡುಗಿಯೊಬ್ಬಳಿದ್ದಳು. ಅವಳನ್ನು ಹಿಡಿದು ಕೂರಿಗೆಯಲ್ಲಿ ಬಿತ್ತಿದ ಹಾಗೆ ಸಾಲು ಬರುವಂತೆ ಮಾಡಿಸಿದೆ. ಹೊಲದ ಅಂಚಿನ ಬದುವಿನ ಮೇಲೆ ನಿಂತು ನೋಡಿದರೆ ಸಾಲುಗಳು ನೇರವಾಗಿ ಆಕಾಶದ ತನಕ ಹೋಗುತ್ತಿದ್ದವು. ಇನ್ನು ಬಿಡುವ ಕೆಲಸ. ನಮ್ಮ ಕಡೆಯ ಹೊಲದಲ್ಲಿ ಇರುವುದರಲ್ಲಿ ಜೋಳ, ಬನ್ನಿ, ಬದುವಿನ ಹುಲ್ಲು, ಕಲ್ಲು ಇಷ್ಟನ್ನೇ ಇಟ್ಟುಕೊಂಡು ಅಗಸೆ, ಕುಸುಬೆ, ಕಡಲೆ, ಹತ್ತಿಯನ್ನೆಲ್ಲ ಪಟ್ಟಿಯಿಂದ ಹೊಡೆದು ಹಾಕಿದೆ. ಬಣ್ಣ ಕಡಿಮೆಯಾದಷ್ಟೂ ಚೆಂದ ಎಂಬುದು ನನ್ನ ವಾದವಾಗಿತ್ತು.

ದಿನಾ ಸಂಜೆ ಕೆಲಸ ಮುಗಿಸುವ ಮುಂಚೆ ಗೇಮಿನ ಹುಡುಗಿಯನ್ನು ಬದುವಿನ ಮೇಲೆ ಒಂದು ಸುತ್ತು ನಡೆಸಿಕೊಂಡು ಬರುತ್ತಿದ್ದೆ. ಹುಲ್ಲು ಸರಿಯುತ್ತಿತ್ತು, ತೆನೆ ಬಾಗುತ್ತಿತ್ತು, ಬನ್ನಿ ಗಿಡ ಹತ್ತಿರವಾಗುತ್ತಿತ್ತು. ಎಲ್ಲಿಯೂ ತಡೆಯಿಲ್ಲದೆ ಓಡುತ್ತಿತ್ತು. ಆರು ತಿಂಗಳಲ್ಲಿ ಹೀಗೆ ನೂರಕ್ಕೂ ಹೆಚ್ಚು ಸಲ ನಡೆದಿರಬೇಕು.

ಸಂಕ್ರಾಂತಿ ಕಳೆದ ಮೇಲೆ ಹೊರಗಿನವರನ್ನು ಕರೆದು ಆಡಿಸಿ ನೋಡುವ ದಿನ ಗೊತ್ತಾಯಿತು. ನಾನೂ ಹೋದೆ. ತೆಲಸಂಗದಿಂದ ಅಥಣಿ, ಅಲ್ಲಿಂದ ಕಾಗವಾಡದ ಮೇಲೆ ಮಿರಜ, ಮಿರಜದಿಂದ ಕೊಲ್ಹಾಪುರ. ಕಾಗವಾಡ ದಾಟುವಾಗ ಕಿಟಕಿಯ ಆಚೆ ದ್ರಾಕ್ಷಿ, ಕಬ್ಬು. ನೀರಿನ ಸೀಮೆಯ ಹಸಿರು ನೋಡಿ, ನಮ್ಮ ಒಣ ಬೇಸಾಯದ ಸೀಮೆಯನ್ನೂ ಇವತ್ತು ಮಂದಿ ಬಾಯಿ ಬಿಟ್ಟು ನೋಡುತ್ತಾರೆ ಎಂದು ಮನಸ್ಸಿನಲ್ಲೇ ಬೀಗಿದೆ.

ಹತ್ತು ಜನ ಬಂದಿದ್ದರು, ಹೆಚ್ಚಿನವರು ಕಾಲೇಜಿನವರು. ಅವರ ಬೆನ್ನ ಹಿಂದೆ ನಾವು ನಿಲ್ಲಬೇಕು, ಮಾತಾಡಬಾರದು. ಮೊದಲನೆಯವನು ಮೊಬೈಲ್ ಕೈಗೆ ತೆಗೆದುಕೊಂಡ. ಹುಡುಗಿ ಬದುವಿನ ಮೇಲೆ ನಿಂತಿದ್ದಳು. ಅವನು ಬದುವಿನಿಂದ ಇಳಿದು ನೇರವಾಗಿ ಜೋಳದೊಳಗೆ ನುಗ್ಗಿದ.

ನನ್ನ ಜೀವ ಹಾರಿಹೋಯಿತು. ಇವನೊಬ್ಬನ ತಲೆ ಕೆಟ್ಟಿರಬೇಕು ಅಂದುಕೊಂಡೆ. ಎರಡನೆಯವಳೂ ನುಗ್ಗಿದಳು. ಮೂರನೆಯವನೂ. ಒಬ್ಬರಾದ ಮೇಲೆ ಒಬ್ಬರು ಎಲ್ಲರೂ ಬೆಳೆ ತುಳಿದುಕೊಂಡೇ ಹೋದರು. ಒಳಗೆ ಹೋದ ಕೂಡಲೇ ಹಾಳೆಯ ಮೇಲೆ ಹಾಳೆ, ಎಲೆಯ ಮೇಲೆ ಎಲೆ ಪರದೆ ತುಂಬ ಮುಚ್ಚಿಕೊಂಡವು. ಪಾರದರ್ಶಕ ಹಾಳೆಗಳು ಒಂದರ ಹಿಂದೊಂದು ಬಂದಾಗ ಮೊಬೈಲ್ ಅಷ್ಟನ್ನೂ ಮತ್ತೆ ಮತ್ತೆ ಬರೆಯಬೇಕು. ಅದಕ್ಕೆ ಉಸಿರು ಕಟ್ಟಿತು. ಆಟ ತಡವರಿಸತೊಡಗಿತು, ಮೊಬೈಲ್ ಬಿಸಿಯಾಯಿತು. ಕೆಲವು ಕಡೆ ಎಲೆಗಳು ಹುಡುಗಿಯ ಮುಖದಲ್ಲೇ ತೂರಿ ಹೋಗುತ್ತಿದ್ದವು. ಯಾರಿಗೂ ಬನ್ನಿ ಗಿಡ ಕಾಣಲಿಲ್ಲ. ಹತ್ತರಲ್ಲಿ ಒಬ್ಬರೂ ತಾಯಿಯನ್ನು ಮುಟ್ಟಲಿಲ್ಲ.

ಒಬ್ಬ ಹುಡುಗಿ ನನ್ನ ಕಡೆಗೆ ತಿರುಗಿ ಮರಾಠಿಯಲ್ಲಿ, ದಾರಿ ಎಲ್ಲಿದೆ ಎಂದು ಕೇಳಿದಳು. ಮಾತಾಡಬಾರದೆಂಬ ನಿಯಮ ಮರೆತು, ಬದು ಕಾಣುವುದಿಲ್ಲವೇ ಎಂದು ರೇಗಿದೆ. ಅವಳು ಪಾಪ, ಹೆದರಿದಳು. ಅದು ದಾರಿಯೆಂದು ಗೊತ್ತಾಗಲಿಲ್ಲ, ಮಣ್ಣಿನ ದಿಬ್ಬ ಅಂದುಕೊಂಡೆ, ಸಾಲಿನ ನಡುವಿನ ಜಾಗವೇ ದಾರಿ ಅನ್ನಿಸಿತು ಎಂದಳು. ನಾನು ಅಷ್ಟು ಕಷ್ಟಪಟ್ಟು ಎಳೆದ ನೇರ ಸಾಲುಗಳು ಅವರನ್ನೆಲ್ಲ ಒಳಗೆ ಕರೆದಿದ್ದವು. ಆ ಹುಡುಗಿಗೆ ಅವತ್ತು ಕ್ಷಮೆ ಕೇಳಲಿಲ್ಲ. ಈಗ ಕೇಳುತ್ತೇನೆ. ಅವಳ ಆ ಒಂದು ಮಾತು ಇಲ್ಲದಿದ್ದರೆ ತಪ್ಪು ಎಲ್ಲಿದೆ ಅನ್ನುವುದೇ ನನಗೆ ಗೊತ್ತಾಗುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ನಿರ್ದೇಶಕರು ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು.

"ಆರ ತಿಂಗಳದಾಗ ನೀ ಒಮ್ಮೆರೆ ಜ್ವಾಳದ ಒಳಗ ಹೋಗಿ ನೋಡಿರಲಿಲ್ಲೇನ?"

"ಇಲ್ರಿ ಸರ."

"ಯಾಕ?"

ಯಾಕೆ ಹೋಗಿಲ್ಲ ಎಂದು ನನ್ನನ್ನು ನಾನೇ ಕೇಳಿಕೊಂಡವಳಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

"ಬೆಳಿ ಐತಲ್ರಿ ಸರ, ಅಲ್ಲಿ."

ರಾಯಬಾಗದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ನಿರ್ದೇಶಕರು ನನ್ನನ್ನೇ ಒಂದು ಗಳಿಗೆ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು, ಜೊತೆಗೆ ಅಳುವೂ ಬಂತು. ಕಂಪ್ಯೂಟರಿನ ಬೆಳೆಗೆ ಕಾಲು ತಾಗಿದರೆ ಒಂದು ಕಾಳೂ ಉದುರುವುದಿಲ್ಲ. ಅದನ್ನು ಮಾಡಿದವಳಾಗಿ ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಆದರೂ ನೂರಕ್ಕೂ ಹೆಚ್ಚು ಸಲ ನಡೆಯುವಾಗ ಒಂದು ಸಲವೂ ನನ್ನ ಬೆರಳು ಆ ಹುಡುಗಿಯನ್ನು ಬದುವಿನಿಂದ ಕೆಳಗೆ ಇಳಿಸಿರಲಿಲ್ಲ.

ನಕ್ಕು ಮುಗಿದ ಮೇಲೆ ಅವರು ಹೇಳಿದ್ದು ನಗುವ ಮಾತಾಗಿರಲಿಲ್ಲ. ಎರಡು ವಾರದ ಮೇಲೆ ಮತ್ತೊಮ್ಮೆ ಆಡಿಸಿ ನೋಡಬೇಕು. ಆಗಲೂ ಹೀಗೇ ಆದರೆ ಜೋಳದ ಸೀಮೆ ಬಿಟ್ಟುಬಿಡುವುದು. ಇಂಟರ್ನೆಟ್ಟಿನಲ್ಲಿ ಸಿದ್ಧ ಕಾಡು ಸಿಗುತ್ತದೆ: ಹಸಿರು ಗುಡ್ಡ, ಹೊಳೆ, ಚೂಪು ಮರಗಳು, ಅಗಲವಾದ ದಾರಿ. ಅದನ್ನೇ ತಂದು ಹಾಕಿಕೊಳ್ಳುವುದು. "ನನಗೂ ಮನಸಿಲ್ಲ ನೋಡವಾ. ಖರೇ ಹೇಳ್ತೇನಿ, ನಿನ್ನ ಹೊಲ ಲೈ ಚಂದ ಐತಿ. ಆದ್ರ ಆಡೋರು ಆಡಬೇಕಲ್ಲ?" ಎಂದರು. ಹೊಲ ಹೋದರೆ ಅಲ್ಲಿ ನನ್ನ ಕೆಲಸವೂ ಮುಗಿದಂತೆ. ಅದಕ್ಕಿಂತ ಹೆಚ್ಚಾಗಿ, ಬುತ್ತಿ ಹೊತ್ತ ಆ ಹುಡುಗಿ ಯಾವುದೋ ಊರಿನ ಚೂಪು ಮರಗಳ ನಡುವೆ ನಡೆಯುವುದನ್ನು ನೆನೆದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕುದಿಯುತ್ತ ಬಂದೆ.

ಮೊದಲ ಉಪಾಯ ರಾಯಬಾಗದ ಹುಡುಗಿಯದು. "ಅಕ್ಕಾ, ಕಾಣದ ಗ್ವಾಡಿ ಹಾಕಿಬಿಡೂಣು" ಎಂದು ಫೋನಿನಲ್ಲಿ ಹೇಳಿದಳು. ಬದುವಿನ ಎರಡೂ ಅಂಚಿಗೆ ಕಣ್ಣಿಗೆ ಕಾಣದ ಗೋಡೆ. ಅರ್ಧ ದಿನದಲ್ಲಿ ಆಯಿತು. ಆಡಿ ನೋಡಿದರೆ ಗೇಮಿನ ಹುಡುಗಿ ಗಾಳಿಗೆ ಹಣೆ ಹಚ್ಚಿ ನಿಂತಲ್ಲೇ ಕಾಲು ಬಡಿಯುತ್ತಿದ್ದಳು. ಕಣ್ಣೆದುರು ತೆರೆದ ಹೊಲ, ಒಳಗೆ ಹೋಗಲಿಕ್ಕೆ ಮಾತ್ರ ಆಗದು. ನೋಡಿದರೆ ಸಿಟ್ಟು ಬರುವಂತಿತ್ತು. ತೆಗೆದು ಹಾಕಿದೆವು.

ಆಮೇಲೆ ನಾನು ಜೋಳವನ್ನು ತೆಳುವು ಮಾಡಿದೆ. ಮೂರರಲ್ಲಿ ಎರಡು ದಂಟು ಕಿತ್ತರೆ ಒಳಗೆ ಹೋದರೂ ಮೊಬೈಲ್ ತಡವರಿಸುವುದಿಲ್ಲ. ಸಂಜೆ ಕೂಲಿಯಿಂದ ಬಂದ ಅವ್ವ ಕೈಕಾಲು ತೊಳೆದು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನನ್ನ ಹಿಂದೆ ಬಂದು ನಿಂತಳು.

"ಇದೇನಬೇ, ಬೀಜ ನಾಟಿಲ್ಲೇನ?"

"ನಾನ ಕಿತ್ತೇನಿ."

"ಬೆಳದ ಬೆಳಿ ಕೀಳತಾರೇನ ಯಾರರೆ? ಬರಗಾಲ ಬಂದಂಗ ಕಾಣಾಕತ್ತೈತಿ."

ಕಿತ್ತದ್ದನ್ನೆಲ್ಲ ಮತ್ತೆ ನೆಟ್ಟೆ. ಮರುದಿನ ತಂತಿ ಬೇಲಿ ಹಾಕಿದೆ. ಕಲ್ಲಿನ ಕಂಬ ಮಾಡಿ, ತಂತಿ ಎಳೆದು, ತುಕ್ಕಿನ ಬಣ್ಣವನ್ನೂ ಹಚ್ಚಿದೆ. ಆ ಕಂಬಗಳು ಚೆನ್ನಾಗಿಯೇ ಬಂದಿದ್ದವು, ಅದೇ ನನ್ನ ಸಂಕಟ. ಸಂಜೆ ಅವ್ವ ಬಂದು ನೋಡಿದಳು. ಈ ಸಲ ಬಗ್ಗಿ ನೋಡಿದಳು.

"ಯಾರ ಹೊಲಾ ಇದು?"

"ಯಾರದೂ ಅಲ್ಲ. ಗೇಮಿಂದು."

"ಯಾರದೂ ಅಲ್ಲಾಂದ್ರ ತಂತಿ ಯಾಕ ಹೊಡದಾರ? ಆಳಿನ ಮಂದಿ ಹೆಂಗ ಒಳಗ ಬರಬೇಕು? ಆ ಹುಡಿಗಿ ಅವ್ವ ಹೆಂಗ ಬಂದಾಳ ಹಂಗಾರ?"

ಸಿಟ್ಟು ಯಾವಾಗಲೂ ನನ್ನ ಮೂಗಿನ ತುದಿಯಲ್ಲಿರುತ್ತದೆ. ಕಂಪ್ಯೂಟರ್ ಆರಿಸಿ, "ನಿನಗೇನ ತಿಳೀತೈತಿ ಇದರಾಗ" ಎಂದುಬಿಟ್ಟೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ, ಕಣ್ಣಲ್ಲಿ ನೀರೂ ಬಂತು. ಆಮೇಲೆ ಎಲ್ಲವನ್ನೂ ಹೇಳಿದೆ, ಹತ್ತು ಜನ ಬೆಳೆ ತುಳಿದದ್ದು, ಎರಡು ವಾರದ ಗಡುವು, ಸಿದ್ಧ ಕಾಡು. ಅವ್ವ ರೊಟ್ಟಿಗೆ ಹಿಟ್ಟು ನಾದುತ್ತ ಕೇಳಿಸಿಕೊಂಡಳು. ಬೆಳೆ ತುಳಿದರು ಅನ್ನುವಲ್ಲಿ ಮಾತ್ರ ಕೈ ನಿಲ್ಲಿಸಿ, "ಅವರಿಗೆ ಯಾರೂ ಹೇಳಿಲ್ಲೇನ?" ಎಂದಳು. ಆಮೇಲೆ, "ಅತ್ತರ ಜ್ವಾಳ ಬೆಳೀತೈತೇನ? ನಾಳಿ ನನಗ ಬುತ್ತಿ ತಗೊಂಡ ಬಾ. ನೀ ಹೊಲಾ ನೋಡಿ ಎಷ್ಟ ದಿವಸಾತು?" ಎಂದಳು.

ನಿಜಕ್ಕೂ ಆರು ತಿಂಗಳಿಂದ ನಾನು ಹೊಲದ ಕಡೆ ಹೋಗಿರಲಿಲ್ಲ. ನೆನಪಿನಿಂದಲೇ ಎಲ್ಲ ಮಾಡಿದ್ದೆ, ಅದೂ ನನ್ನ ಜಂಬದ ಒಂದು ಭಾಗ.

ಮರುದಿನ ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಪಲ್ಯ, ಮೆಣಸಿನಕಾಯಿ ಹಿಂಡಿ, ಮೊಸರು ಕಟ್ಟಿಕೊಂಡು ಹೊರಟೆ. ಜೋಳದ ಹೊಲದ ಆಚೆ ಕಡಲೆ ಕೀಳುವ ಕೆಲಸ ನಡೆದಿತ್ತು. ಬದುವಿನ ಮೇಲೆ ನಡೆಯುತ್ತ, ನಾನು ಕೊಲ್ಹಾಪುರದಿಂದ ಬಂದವಳು, ಈ ಊರು ಗೊತ್ತಿಲ್ಲ, ಬದು ಅಂದರೇನು ಗೊತ್ತಿಲ್ಲ ಎಂದುಕೊಂಡು ನೋಡಿದೆ. ಎಡಕ್ಕೆ ಜೋಳದ ಸಾಲು, ನಡುವೆ ಜಾಗ. ಸರಿ, ಅವರ ಹಾಗೆ ಇಳಿಯೋಣ ಎಂದು ಒಂದು ಕಾಲು ಇಟ್ಟೆ. ಮೀನಖಂಡಕ್ಕೆ ಸೂಜಿ ಚುಚ್ಚಿದಂತಾಯಿತು. ಇನ್ನೊಂದು ಕಾಲಿಟ್ಟೆ. ಹೆಗಲ ಮೇಲಿನ ಓಢಣಿ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಹೋದರೆ ಬೆರಳಿಗೂ ಚುಚ್ಚಿತು. ಒಳಗೂ ಹೋಗಲಾರೆ, ಹೊರಗೂ ಬರಲಾರೆ. ಜೋಳದ ಮೇಲೇ ಕಣ್ಣಿಟ್ಟಿದ್ದವಳು ಆಗ ಸುತ್ತ ನೋಡಿದೆ: ಕುಸುಬೆ.

ಸೊಂಟದ ಎತ್ತರಕ್ಕೆ ಬೆಳೆದ ಕುಸುಬೆ, ಎಲೆಯ ಅಂಚಿಗೆಲ್ಲ ಮುಳ್ಳು, ತುದಿಯಲ್ಲಿ ಹಳದಿ, ಕೇಸರಿ ಹೂ. ಬದುವಿನುದ್ದಕ್ಕೂ ನಾಲ್ಕು ಸಾಲು. ಹುಟ್ಟಿದಾಗಿನಿಂದ ಅದರ ಪಕ್ಕದಲ್ಲೇ ನಡೆದಿದ್ದೇನೆ, ಎಳೆ ಎಲೆಯ ಪಲ್ಯ ತಿಂದಿದ್ದೇನೆ, ಅದರ ಎಣ್ಣೆಯ ಒಗ್ಗರಣೆ ತಿಂದು ಬೆಳೆದಿದ್ದೇನೆ. ಅದು ಅಲ್ಲಿ ಯಾಕಿದೆ ಎಂದು ಮಾತ್ರ ಯೋಚಿಸಿರಲಿಲ್ಲ. ಪಟ್ಟಿಯಿಂದ ಮೊದಲು ಹೊಡೆದು ಹಾಕಿದ ಗಿಡಗಳಲ್ಲಿ ಅದೂ ಒಂದು.

"ಏ, ಯಾರಬೇ ಅದು? ಜ್ವಾಳದಾಗ ಏನ ಕೆಲಸ?"

ಹೊಲದ ಮಾಲೀಕರು. ವಯಸ್ಸಾದವರು, ದನಿ ಮಾತ್ರ ಗಟ್ಟಿ. ನಾನು ಓಢಣಿ ಹಿಡಿದುಕೊಂಡು ಕುಸುಬೆಯ ನಡುವೆ ನಿಂತಿದ್ದೆ. ಕೂಗು ಕೇಳಿ ಅವ್ವ ಕಡಲೆ ಹೊಲದಿಂದ ಓಡಿ ಬಂದಳು.

"ತಪ್ಪಾತ್ರಿ ಮಾಲಕ್ರ. ನನ್ನ ಮಗಳ್ರಿ. ಗೊತ್ತಾಗಿಲ್ಲ ಅದಕ್ಕ."

"ನೀ ಏನವಾ? ಕಂಪ್ಯೂಟರ್ ಹುಡಿಗಿ! ಇಲ್ಲಿ ಏನ ಕಳಕೊಂಡೀದಿ?" ಅವರ ದನಿ ಇಳಿಯಿತು.

"ಒಳಗ ಹೋಗಾಕ ಬರ್ತೈತೇನ ನೋಡಾಕತ್ತಿದ್ದೆರಿ ಕಾಕಾ."

"ಬರಬಾರದಂತನ ಕುಸುಬಿ ಹಾಕೂದವಾ. ನಮ್ಮ ಮುತ್ಯಾನ ಕಾಲದಿಂದ ಹಾದಿ ಮಗ್ಗಲಿಗೆ ನಾಕ ಸಾಲ ಕುಸುಬಿ. ದನಾ ಬಾಯಿ ಹಾಕಂಗಿಲ್ಲ, ಮನಷ್ಯಾ ಕಾಲ ಹಾಕಂಗಿಲ್ಲ. ಯಾರಿಗೂ ಬ್ಯಾಡ ಅನ್ನೂದ ಬೇಕಿಲ್ಲ, ಯಾರ್ನೂ ಬೈಯೂದ ಬೇಕಿಲ್ಲ."

ಈಗಷ್ಟೇ ನನ್ನನ್ನು ಬೈದದ್ದು ಅವರಿಗೆ ಮರೆತೇ ಹೋಗಿತ್ತು. ಅವರೇ ಮುಂದೆ ಬಂದು, ಮುಳ್ಳು ಯಾವ ಕಡೆಯಿಂದ ಹಿಡಿದರೆ ಚುಚ್ಚುವುದಿಲ್ಲ ಎಂದು ತೋರಿಸುತ್ತ ಓಢಣಿ ಬಿಡಿಸಿಕೊಟ್ಟರು. ಹೂ ಮೊದಲು ಹಳದಿ ಬಿಟ್ಟು ಬಲಿಯುತ್ತ ಬಲಿಯುತ್ತ ಕೆಂಪಾಗುತ್ತದೆ ಎಂದು ಹೇಳಿದರು. ಎಲ್ಲ ದಿಕ್ಕಿನಿಂದ ಫೋಟೋ ತೆಗೆದುಕೊಂಡೆ, ಅವರು ಬೇಡವೆನ್ನಲಿಲ್ಲ. ಹೋಗುವಾಗ ಒಂದು ಬೊಗಸೆ ಹಸಿ ಕಡಲೆಯನ್ನೂ ಕೊಟ್ಟರು.

ಬನ್ನಿ ಗಿಡದ ಕೆಳಗೆ ಊಟಕ್ಕೆ ಕೂತಾಗ ಅವ್ವ ರೊಟ್ಟಿ ಮುರಿಯುತ್ತ, "ಇಷ್ಟ ವರ್ಷ ಈ ಬದುವಿನ ಮ್ಯಾಲ ಅಡ್ಡಾಡೇನಿ, ಒಂದ ದಿನ ಯಾರ ಕಡೆಯಿಂದಾನೂ ಅನಿಸ್ಕೊಂಡಿದ್ದಿಲ್ಲ. ಒಂದ ತೆನಿ ಬಗ್ಗಿದ್ರೂ ಮೊದಲ ನಮ್ಮ ಹೆಸರ ಬರತೈತಿ. ಅದಕ್ಕ ನಿನ್ನ ಕೈ ಹಿಡದ ನಡಸತಿದ್ದೆ, ಕಾಲ ಜಾರಬಾರದಂತ" ಎಂದಳು. ನಾನು ಯಾಕೆ ಆರು ತಿಂಗಳು ಜೋಳದೊಳಗೆ ಕಾಲಿಡಲಿಲ್ಲ ಎಂಬ ನಿರ್ದೇಶಕರ ಪ್ರಶ್ನೆಗೆ ಉತ್ತರ ಆಗ ಸಿಕ್ಕಿತು. ಅವ್ವನ ಕೈ ಹಿಡಿದು ನಡೆದವಳ ಬೆರಳು ಬೇರೆ ಹೇಗೆ ನಡೆದೀತು? ತಪ್ಪಾಯಿತು ಬೇ ಎಂದೆ. ಅವಳು ನನ್ನ ಪಾಲಿನ ಹಿಂಡಿಯನ್ನೂ ತನ್ನ ರೊಟ್ಟಿಗೆ ಹಚ್ಚಿಕೊಂಡು, ಉಪ್ಪು ಕಡಿಮೆ ಹಾಕಿದ್ದೀ ಎಂದಳು.

ಮನೆಗೆ ಬಂದು ನಿರ್ದೇಶಕರಿಗೆ ಫೋನು ಮಾಡಿದೆ. ಬೇಲಿ ಬೇಡ, ಗೋಡೆ ಬೇಡ, ಕುಸುಬೆ ಹಾಕುತ್ತೇನೆ ಎಂದೆ. ನಿಪ್ಪಾಣಿಯ ತಂಬಾಕಿನ ಸೀಮೆಯಲ್ಲಿ ಬೆಳೆದ ಅವರಿಗೆ ಕುಸುಬೆಯ ಈ ಉಪಯೋಗ ಗೊತ್ತಿರಲಿಲ್ಲ, ಬಿಡಿಸಿ ಹೇಳಬೇಕಾಯಿತು. "ಮತ್ತ ಹಟ ಮಾಡಿ ಒಳಗ ಹೋಗೋರಿಗೆ?" ಎಂದು ಕೇಳಿದರು. "ಹೋಗ್ಲಿ ಬಿಡ್ರಿ ಸರ. ಲಂಗ ಹರೀತೈತಿ" ಎಂದೆ. "ಮಾಡ. ಆದ್ರ ಲಗೂ ಮಾಡ" ಎಂದರು.

ಉಳಿದದ್ದು ಒಂಬತ್ತು ದಿನ. ಕುಸುಬೆಯ ಮುಳ್ಳನ್ನು ಇದ್ದ ಹಾಗೆ ಬರೆದರೆ ಕೂದಲಿನಂತೆ ಕಾಣುತ್ತಿತ್ತು. ಒಂದೊಂದು ಎಲೆಗೆ ಐದೇ ಮುಳ್ಳು, ಆದರೆ ದಪ್ಪ ತ್ರಿಕೋನಗಳು. ನೋಡಿದರೆ ಚುಚ್ಚುತ್ತದೆ ಅನ್ನಿಸಬೇಕು. ಗಿಡದ ಎತ್ತರ ಹುಡುಗಿಯ ಸೊಂಟಕ್ಕೆ ಮೀರದಂತೆ ನೋಡಿಕೊಂಡೆ, ಹಿಂದಿನ ಜೋಳ ಕಾಣಬೇಕಲ್ಲ. ಹೂವಿಗೆ ಮೂರು ಬಣ್ಣ: ಹಳದಿ, ಕೇಸರಿ, ಕೆಂಪು. ಹುಡುಗಿ ಹೊರಡುವ ಜಾಗದಲ್ಲಿ ಎಲ್ಲ ಹಳದಿ. ಬನ್ನಿ ಗಿಡ ಹತ್ತಿರವಾದಂತೆ ಕೇಸರಿ, ಆಮೇಲೆ ಕೆಂಪು. ಬಾಯಿಬಿಟ್ಟು ದಾರಿ ಹೇಳಬೇಕಿಲ್ಲ, ಹೂವಿನ ಬಣ್ಣವೇ ಕರೆದುಕೊಂಡು ಹೋಗುತ್ತದೆ. ಬದುವಿನ ಹುಲ್ಲನ್ನು ನಡುವೆ ಸವೆಸಿ, ದಿನಾ ನಡೆದು ನುಣುಪಾದ ಮಣ್ಣು ತೋರಿಸಿದೆ. ಜೋಳದ ಸಾಲುಗಳನ್ನು ತಿರುಗಿಸಿ ಬದುವಿಗೆ ಸಮಾನಾಂತರವಾಗಿ ಹಾಕಿದೆ. ಈಗ ಸಾಲಿನ ನಡುವಿನ ಜಾಗ ಯಾರನ್ನೂ ಒಳಗೆ ಕರೆಯುವುದಿಲ್ಲ.

ಮೊಬೈಲಿಗೂ ಉಸಿರು ಬಂತು. ಹೆಚ್ಚು ಜನ ಒಳಗೆ ಹೋಗುವುದಿಲ್ಲ ಎಂದಾದ ಮೇಲೆ ಅಂಚಿನ ಕೆಲವು ಸಾಲಿಗೆ ಮಾತ್ರ ಪೂರ್ತಿ ಎಲೆ ಬಿಟ್ಟು, ಒಳಗಿನವಕ್ಕೆ ಹಗುರವಾದ ದಂಟು ಸಾಕಾಯಿತು. ಹೊರಗಿನಿಂದ ನೋಡಿದರೆ ಹೊಲ ಮೊದಲಿನಷ್ಟೇ ತುಂಬಿತ್ತು. ರಾಯಬಾಗದ ಹುಡುಗಿ ಮುಳ್ಳು ತಾಗಿದಾಗ ಗೇಮಿನ ಹುಡುಗಿ ಕಾಲು ಹಿಂದಕ್ಕೆ ಎಳೆದುಕೊಂಡು "ಹಾಯ್" ಅನ್ನುವಂತೆ ಮಾಡಿದಳು. ಆ ದನಿಯೂ ಅವಳದೇ. ನಿಜವಾಗಿ ಕೇಳಿಸಲಿ ಎಂದು ಪಿನ್ನಿನಿಂದ ಬೆರಳು ಚುಚ್ಚಿಕೊಂಡು ರೆಕಾರ್ಡ್ ಮಾಡಿದೆ ಅಕ್ಕಾ ಎಂದು ಆಮೇಲೆ ಹೇಳಿದಳು. ಯಾರೂ ಕೇಳದೆ ಮಾಡಿದ ಇಂಥ ಕೆಲಸವನ್ನು ನಾನು ಹೇಗೆ ಮರೆಯಲಿ?

ಎರಡನೆಯ ಸಲ ಬೇರೆ ಹತ್ತು ಜನ ಬಂದಿದ್ದರು. ಈ ಸಲ ನಾನು ಗೋಡೆಗೆ ಬೆನ್ನು ಹಚ್ಚಿ, ಬಾಯಿ ಬಿಗಿದುಕೊಂಡು ನಿಂತೆ. ಮೊದಲನೆಯವಳು ಹುಡುಗಿಯನ್ನು ಆ ಕಡೆ ಈ ಕಡೆ ತಿರುಗಿಸಿದಳು. ಹೂ ನೋಡಿದಳು. ಬದು ಹಿಡಿದು ನಡೆದಳು. ಒಬ್ಬ ಮಾತ್ರ ಮೂರು ಸಲ ಕುಸುಬೆಯೊಳಗೆ ನುಗ್ಗಿದ, ಮೂರು ಸಲವೂ "ಹಾಯ್" ಅನ್ನಿಸಿಕೊಂಡು, ನಾಲ್ಕನೆಯ ಸಲ ತಾನೇ ನಕ್ಕು ಬದುವಿಗೆ ಬಂದ. ಯಾರೂ ದಾರಿ ಎಲ್ಲಿ ಎಂದು ಕೇಳಲಿಲ್ಲ. ಹತ್ತೂ ಜನ ನೆರಳು ಸರಿಯುವ ಮೊದಲೇ ತಾಯಿಯ ಹತ್ತಿರ ಹೋದರು. ನಿರ್ದೇಶಕರು ನನ್ನ ಪಕ್ಕ ಬಂದು ನಿಂತು, "ಬರೋಬರ್" ಎಂದರು. ಅಷ್ಟೇ ಅಂದದ್ದು. ಸಿದ್ಧ ಕಾಡಿನ ಮಾತು ಮತ್ತೆ ಬರಲಿಲ್ಲ. ಎರಡು ವಾರ ನನ್ನನ್ನು ನಂಬಿ ಕಾದ ಆ ಮನುಷ್ಯನಿಗೆ ಅವತ್ತು ಬರಿಯ ಥ್ಯಾಂಕ್ಸ್ ಹೇಳಿ ಬಸ್ಸು ಹತ್ತಿದೆ. ಅದು ಸಾಲದು ಎಂದು ಗೊತ್ತಿತ್ತು.

ಮರುದಿನ ಭಾನುವಾರ, ಅವ್ವ ಮನೆಯಲ್ಲಿದ್ದಳು. ಮೊಬೈಲ್ ಅವಳ ಕೈಗೆ ಕೊಟ್ಟು, ಹೆಬ್ಬೆರಳು ಎಲ್ಲಿ ಇಡಬೇಕು ಎಂದು ತೋರಿಸಿದೆ. ಮೊದಲು ಹುಡುಗಿ ಗಿರಗಿರ ತಿರುಗಿದಳು. ಆಮೇಲೆ ಅವ್ವನಿಗೆ ಹದ ಸಿಕ್ಕಿತು. ಕುಸುಬೆ ನೋಡಿ, "ಹೂ ಚಲೋ ಬಿಟ್ಟಾವ" ಎಂದಳು. ಬನ್ನಿ ಗಿಡದ ನೆರಳು ಸರಿಯುತ್ತಿತ್ತು. ಅವಳದು ಬಹಳ ನಿಧಾನ.

"ಹೊತ್ತಾಗತೈತಿ ಬೇ. ಒಳಗಿಂದ ಹಾಯ್ದ ಹೋಗು, ಮುಳ್ಳ ನಿನಗೇನ ಚುಚ್ಚಂಗಿಲ್ಲ" ಎಂದು ಚುಡಾಯಿಸಿದೆ.

"ಯಾರ ಹೊಲಾ ಇದು?" ಮತ್ತೆ ಅದೇ ಪ್ರಶ್ನೆ.

ಈ ಸಲ ನಾನು ಬೇರೆ ಉತ್ತರ ಕೊಟ್ಟೆ.

"ನಂದು. ನಾನ ಬಿತ್ತೇನಿ."

ಅವ್ವ ಹೆಬ್ಬೆರಳು ಎತ್ತಿದಳು. ಹುಡುಗಿ ಬುತ್ತಿ ಹೊತ್ತು ಬದುವಿನ ಮೇಲೆ ನಿಂತಳು, ಆಚೆ ಈಚೆ ಜೋಳ ಓಲಾಡುತ್ತಿತ್ತು. ಅವ್ವ ಅದನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದಳು, ತನ್ನದೆಂಬಂತೆ ನೋಡಿದಳು.

"ನಿಂದಂದ್ರ ಅಂತೂ ತುಳಿಯಂಗಿಲ್ಲ" ಎಂದು, ಹುಡುಗಿಯನ್ನು ಬದುವಿನ ಮೇಲೆಯೇ ನಡೆಸಿಕೊಂಡು ಹೋದಳು.